ಲಕ್ಷ್ಮಿ, ಇಪ್ಪತ್ತೊಂಬತ್ತು, ದಕ್ಷಿಣ ಭಾರತ

ಕಿಟಕಿಯ ಗಾಜು ಗಡಗಡ ಅಲುಗುತ್ತಿದೆ, ಎಲ್ಲೋ ಒಂದು ತಿರುಪು ಸಡಿಲವಾಗಿರಬೇಕು, ಗಾಜು ಅಲುಗಿದಂತೆಲ್ಲ ಹೊರಗಿನ ಎರೆಹೊಲವೂ ಅಲುಗುತ್ತದೆ, ಕಡಲೆ ಕಿತ್ತು ಬರಿದಾದ ಹೊಲ, ಅದರಾಚೆ ಗಾಳಿಯಂತ್ರಗಳ ಬಿಳಿ ರೆಕ್ಕೆಗಳು, ಒಂದು ತಿರುಗುತ್ತಿದೆ, ಪಕ್ಕದ್ದು ನಿಂತಿದೆ, ಎರಡಕ್ಕೂ ಒಂದೇ ಗಾಳಿಯಲ್ಲವೇ, ಸದ್ದು ನಿಲ್ಲಲೆಂದು ನಾಹೀದಾ ಹಣೆಯನ್ನು ಗಾಜಿಗೆ ಆನಿಸುತ್ತಾಳೆ, ಸದ್ದು ನಿಲ್ಲುವುದಿಲ್ಲ, ಹಲ್ಲಿನೊಳಕ್ಕೆ ಇಳಿಯುತ್ತದೆ — ಕಿಟಕಿಯೋ, ಮಾಡವೋ. ವಾಚು ಬಿಚ್ಚಿ ಎಲ್ಲಿ ಇಡುತ್ತಿದ್ದ ಆ ಮನುಷ್ಯ, ಕಿಟಕಿಯ ಮೇಲೋ, ಗೋಡೆ ಕೊರೆದ ಮಾಡದೊಳಗೋ. ಹೋದ ತಿಂಗಳು ಯಲಬುರ್ಗಾದ ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತಾಗ ಕಿಟಕಿ ಎಂದುಬಿಟ್ಟಳು, ನಾಲಿಗೆಗೆ ಬಂದದ್ದು ಅದು, ಇವತ್ತು ಆದೇಶ ಬಂತು, ಹುಲಿಗೆಮ್ಮ ಎಂಬ ಏಳು ವರ್ಷದ ಹುಡುಗಿ ಸದ್ಯಕ್ಕೆ ತಂದೆ ಉಮಾಪತಿಯ ಬಳಿಯೇ ಇರತಕ್ಕದ್ದು, ತಾಯಿ ವಿರೂಪಾಕ್ಷಮ್ಮ ಹೇಳುವ ಹಿಂಸೆಗೆ ಈ ಹಂತದಲ್ಲಿ ನಂಬಬಹುದಾದ ದಾಖಲೆ ಇಲ್ಲ. ದಾಖಲೆ ಇಲ್ಲ. ಎರಡು ತಾಸು ಹತ್ತು ನಿಮಿಷದ ದಾಖಲೆ ಇತ್ತು, ವಿರೂಪಾಕ್ಷಮ್ಮನದೇ ದನಿಯಲ್ಲಿ ಇತ್ತು, ಅದನ್ನು ಮಾಡಿಕೊಂಡವಳು ನಾಹೀದಾಳೇ, ಟೀಪಾಯಿಯ ಮೇಲೆ ರೆಕಾರ್ಡಿಂಗ್ ಯಂತ್ರ ಇಟ್ಟು, ಮಾತಾಡ್ರಿ ಅಕ್ಕಾ, ಯಾರೂ ಕೇಳೂದಿಲ್ಲ ಎಂದವಳು ಅವಳೇ. ಆಧಾರ ಕಾರ್ಡ ತೋರಸ್ರಿ, ಕಂಡಕ್ಟರು ಬಂದು ನಿಂತಿದ್ದಾನೆ, ಎಲ್ಲಿಗ್ರಿ, ಕೊಪ್ಪಳಕ್ಕ, ಯಂತ್ರದಿಂದ ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಡುತ್ತಾನೆ, ಹೆಂಗಸರಿಗೆ ಬಸ್ಸು ಬಿಟ್ಟಿ, ವಿರೂಪಾಕ್ಷಮ್ಮನಿಗೂ ಬಿಟ್ಟಿಯೇ, ಅವಳು ಈ ಹೊತ್ತಿಗೆ ಇನ್ನೊಂದು ಬಸ್ಸಿನಲ್ಲಿ ಕುಷ್ಟಗಿಯ ಹಾದಿಯಲ್ಲಿದ್ದಾಳೆ, ತವರಿನ ಹಾದಿ, ಪಕ್ಕದ ಸೀಟು ಖಾಲಿ ಇರಬಹುದು.

ನಾಹೀದಾಳ ಅಬ್ಬಾ ಗಂಗಾವತಿಯಲ್ಲಿ ದರ್ಜಿ. ಮಕ್ಬುಲಸಾಬನ ಅಂಗಡಿಯಲ್ಲಿ ಕುಪ್ಪಸ ಹೊಲಿಸಿದರೆ ಉಳಿದ ಚೂರು ಬಟ್ಟೆಯೂ ಗಂಟು ಕಟ್ಟಿ ವಾಪಸ್ಸು ಬರುತ್ತದೆ ಎಂದು ಓಣಿಯ ಹೆಂಗಸರೆಲ್ಲ ಹೇಳುವರು, ಬೆರಳಗಲದ ಚೂರನ್ನೂ ಇಟ್ಟುಕೊಂಡವನಲ್ಲ, ಸಣ್ಣವಳಿದ್ದಾಗ ಗೊಂಬೆಗೆ ಸೀರೆ ಬೇಕೆಂದು ಒಂದು ಹಸಿರು ಚೂರು ಎತ್ತಿಕೊಂಡಿದ್ದಕ್ಕೆ ಕೈ ಹಿಡಿದು ಆ ಮನೆಗೆ ಕರೆದುಕೊಂಡು ಹೋಗಿ, ಅಕ್ಕಾರ, ನಮ್ಮ ಹುಡುಗಿ ನಿಮ್ಮ ಬಟ್ಟಿ ತಗೊಂಡಿತ್ತು ಎಂದು ಹೇಳಿಸಿದ್ದ, ಮಂದಿ ಬಟ್ಟಿ ಮಂದೀದವಾ, ನಮ್ಮದು ಬರೇ ಹೊಲಗಿ. ಅದೇ ಅಬ್ಬಾನಿಗೆ, ಕಡಲಾಚೆಯ ದೊಡ್ಡ ವಿಶ್ವವಿದ್ಯಾಲಯದವರ ಜೊತೆ ನಮ್ಮ ಸಂಸ್ಥೆ ಕೆಲಸ ಮಾಡುತ್ತಿದೆ, ಮನೆಯಲ್ಲಿ ಪೆಟ್ಟು ತಿನ್ನುವ ಹೆಂಗಸರ ಮಾತು ಸಂಗ್ರಹಿಸುವುದು ನನ್ನ ಕೆಲಸ ಎಂದು ಹೇಳಿದಾಗ, ಸಂಗ್ರಹ ಮಾಡಿ ಮುಂದೇನು, ಎಂದು ಕೇಳಿದ್ದ, ಸೂಜಿ ಬಾಯಲ್ಲೇ ಇತ್ತು. ಸಂಗ್ರಹ ಮಾಡಿ ಬರೀತಾರ ಅಬ್ಬಾ, ದೊಡ್ಡ ದೊಡ್ಡ ಮಂದಿ ಓದತಾರ, ಸರಕಾರ ಕಾನೂನು ಮಾಡ್ತೈತಿ. ಅಬ್ಬಾ ತಲೆಯಾಡಿಸಿ ದಾರ ಕಡಿದ. ಸಾಣಾಪುರದ ಕೆರೆಯ ದಂಡೆಯಲ್ಲಿ ಮೂರು ದಿನ ತರಬೇತಿ, ಕೆರೆಯಲ್ಲಿ ಪ್ರವಾಸಿಗರು ಹರಗೋಲಿನಲ್ಲಿ ಗಿರಗಿರ ಸುತ್ತುತ್ತ ಕಿರುಚುತ್ತಿದ್ದರೆ ಒಳಗೆ ತಂಪು ಕೋಣೆಯಲ್ಲಿ ಕತ್ರೀನ್ ಮೇಡಂ ಬಿಳಿಯ ಹಲಗೆಯ ಮೇಲೆ ಬರೆಯುತ್ತಿದ್ದರು, ಅವರೇ ಈ ಸಂಶೋಧನೆಯ ಮುಖ್ಯಸ್ಥೆ, ನರೆತ ಕೂದಲು, ಹತ್ತಿ ಸೀರೆ ಉಡಲು ಕಲಿತಿದ್ದರು, ಊಟ ಆತೇನ್ರಿ ಎಂದು ಎಲ್ಲರನ್ನೂ ಕೇಳುವರು, ಒಳ್ಳೆಯವರು, ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು, ಒಳ್ಳೆಯವರು. ಹೆಂಗಸು ಸುಮ್ಮನಾದರೆ ನೀವೂ ಸುಮ್ಮನಿರಿ, ಅವಳ ಮೌನವನ್ನು ನಿಮ್ಮ ಮಾತಿನಿಂದ ತುಂಬಬೇಡಿ, ಕಾಯಿರಿ, ಅವಳು ತಾನಾಗಿಯೇ ಬರುತ್ತಾಳೆ. ನಾಹೀದಾ ಕಾಯುವುದನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತಳು, ನೂರಾ ಹನ್ನೆರಡು ಹೆಂಗಸರ ಎದುರು ಕಾದಳು, ಕುಷ್ಟಗಿಯಲ್ಲಿ, ಗಂಗಾವತಿಯ ವಲಸೆಗಾರರ ಕ್ಯಾಂಪುಗಳಲ್ಲಿ, ಯಲಬುರ್ಗಾದ ಹಳ್ಳಿಗಳಲ್ಲಿ, ಎಲ್ಲರೂ ತಾವಾಗಿಯೇ ಬಂದರು, ಬಂದು ಸೆರಗಿನಿಂದ ಮೂಗೊರೆಸಿಕೊಂಡು ಹೊಲಕ್ಕೋ ಒಲೆಗೋ ಹೋದರು, ಅಮ್ಮೀ ಕೇಳುವಳು, ದಿನಾ ಮಂದಿ ಬಡಸಿಕೊಂಡ ಕಥಿ ಹೊತಗೊಂಡು ಮನಿಗೆ ಬರ್ತಿ, ಇಳಸೂದು ಎಲ್ಲಿ.

ಇಳಿಸುವುದು ಎಲ್ಲಿ. ಯಲಬುರ್ಗಾದಿಂದ ಹನ್ನೆರಡು ಕಿಲೋಮೀಟರು, ಎರೆಹೊಲದ ನಡುವಿನ ಊರು, ಅಂಗನವಾಡಿಯ ಹಿಂದಿನ ಕೋಣೆ, ಬೇಳೆ ಚೀಲಗಳ ವಾಸನೆ, ಗೋಡೆಯ ಮೇಲೆ ಅ ಅಗಸ ಆ ಆನೆ, ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ವಿರೂಪಾಕ್ಷಮ್ಮ ಬಾಗಿಲ ಕಡೆ ಮುಖ ಮಾಡಿ ಕೂತಳು, ಐದು ವರ್ಷದ ಹುಲಿಗಿ ಹೊರಗೆ ಮಕ್ಕಳ ಜೊತೆ ಉಪ್ಪಿಟ್ಟು ತಿನ್ನುತ್ತಿತ್ತು, ಹುಲಿಗೆಮ್ಮ ದೇವಿಗೆ ಹರಕೆ ಹೊತ್ತು ಹುಟ್ಟಿದವಳ್ರಿ, ಅದಕ್ಕ ಆ ಹೆಸರು, ಸಾಲ್ಯಾಗ ಉಳಿದ ಹುಡುಗರು ನಗತಾರಂತ ಹಳೇ ಹೆಸರಂತ, ಎಂದು ತಾನೂ ನಕ್ಕಳು. ನಾಹೀದಾ ಒಪ್ಪಿಗೆಯ ಕಾಗದ ಓದಿದಳು, ಆ ಕಾಗದವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವಳೂ ತಾನೇ, ನಾಲ್ಕು ದಿನ ಹೆಣಗಿ, ನಿಮ್ಮ ಗುರುತು ಯಾರಿಗೂ ತಿಳಿಯುವುದಿಲ್ಲ, ನಿಮ್ಮ ಹೆಸರನ್ನು ತೆಗೆದುಹಾಕಲಾಗುವುದು, ಇದರಿಂದ ನಿಮಗೆ ನೇರವಾದ ಲಾಭವಿಲ್ಲ. ವಿರೂಪಾಕ್ಷಮ್ಮ ಹೆಬ್ಬೆಟ್ಟು ಒತ್ತಲಿಲ್ಲ, ಏಳನೇ ಇಯತ್ತೆ ಕಲಿತವಳು, ಸಹಿ ಮಾಡುವ ಮುಂಚೆ ಪೆನ್ನು ಹಿಡಿದುಕೊಂಡೇ ಕೇಳಿದಳು, ಹೆಸರು ತಗದ ಮ್ಯಾಲ ಅದು ನಂದ ಅಂತ ಹೆಂಗ ಗೊತ್ತಾಗತೈತ್ರಿ. ಗೊತ್ತಾಗೂದಿಲ್ಲಕ್ಕಾ, ಅದಕ್ಕ ತಗೀತೀವಿ, ನಿಮಗ ಧಕ್ಕಿ ಆಗಬಾರದಲ್ಲ. ಹಂಗಾರ ಛಲೋ ಎಂದು ಸಹಿ ಮಾಡಿದಳು, ಎಷ್ಟು ದುಂಡಗಿನ ಅಕ್ಷರ. ಆಮೇಲೆ ಎರಡು ತಾಸು. ಉಮಾಪತಿ ಕುಡಿಯುವವನಲ್ಲ, ಯಲಬುರ್ಗಾದಲ್ಲಿ ಗೊಬ್ಬರದ ಅಂಗಡಿ, ಊರಲ್ಲಿ ಎಲ್ಲರೂ ಅವನಿಗೆ ನಮಸ್ಕಾರ ಮಾಡುವವರೇ, ಹೊಡೆಯುವುದಕ್ಕೂ ಅವನಿಗೆ ಸಿಟ್ಟು ಬೇಕಿರಲಿಲ್ಲ. ಹೊಡದದ್ದು ನೆನಪಿಲ್ರಿ ಅಕ್ಕಾರ, ಹೊಡಿಯೂಕಿಂತ ಮೊದಲ ಅಂವ ಕೈಯಾಗಿನ ವಾಚ ಬಿಚ್ಚಿ ಇಡತಿದ್ದ, ಗ್ಲಾಸ ಒಡೀತೈತಂತ, ಆ ವಾಚ ಇಡೂ ಸಪ್ಪಳ ನೆನಪೈತಿ, ಟಕ್ಕ ಅಂತ, ಈಗೂ ಯಾರರ ಏನರ ಹಂಗ ಇಟ್ರ ನನ್ನ ಕೈಕಾಲು ತಣ್ಣಗಾಗತಾವು. ದಿನಗಳನ್ನೂ ಹೇಳಿದಳು, ತಾರೀಕಿನಿಂದಲ್ಲ, ಹಬ್ಬದಿಂದ, ಕಾರಹುಣ್ಣಿವಿ ಮರುದಿನ, ಎಳ್ಳಮಾಸಿ ಹಿಂದಿನ ದಿನ, ನಾಗರಪಂಚಮಿಗೆ ತವರಿಂದ ಕರೆಯಲು ಬಂದ ಅಣ್ಣನನ್ನು ಬಾಗಿಲಲ್ಲೇ ತಿರುಗಿ ಕಳಿಸಿದ ದಿನ, ತಾಯಿಯನ್ನು ಬಿಡಿಸಲು ನಡುವೆ ಬಂದ ಹುಲಿಗಿಯನ್ನು ಗೊಬ್ಬರದ ಗೋದಾಮಿನಲ್ಲಿ ಹೊತ್ತು ಮುಳುಗುವ ತನಕ ಕೂಡಿಹಾಕಿದ ದಿನ, ಅದು ಸಂಕ್ರಮಣದ ಮರುದಿನ, ಹುಡುಗಿ ಹೊರಬಂದಾಗ ಕಣ್ಣು ಕೆಂಡದುಂಡೆ. ಎಲ್ಲ ಇತ್ತು ಆ ಯಂತ್ರದಲ್ಲಿ. ಕತ್ರೀನ್ ಮೇಡಂ ಕಲಿಸಿದಂತೆ ನಾಹೀದಾ ಮೌನ ತುಂಬಲಿಲ್ಲ, ಕೊನೆಗೆ ಸಹಾಯವಾಣಿಯ ನಂಬರು ಬರೆದ ಚೀಟಿ ಕೊಟ್ಟಳು, ಅಷ್ಟೇ ಕೊಡಬಹುದಿತ್ತು, ನಾವು ಸಂಶೋಧಕರು, ನಡುವೆ ಪ್ರವೇಶಿಸುವವರಲ್ಲ, ವಿರೂಪಾಕ್ಷಮ್ಮ ಚೀಟಿಯನ್ನು ಸಣ್ಣಗೆ ಮಡಿಸಿ, ಇಟಗೊಳ್ಳಾಕ ಜಾಗಾ ಇಲ್ರಿ ಎಂದು ವಾಪಸ್ಸು ಕೊಟ್ಟಳು. ಯಂತ್ರ ಚೀಲಕ್ಕೆ ಹಾಕುವಾಗ ಹೇಳಿದಳು, ಇಷ್ಟ ದಿನಾ ನನ್ನ ದನಿ ನಾನ ಕೇಳಿದ್ದಿಲ್ಲ ನೋಡ್ರಿ.

ಕುಕನೂರು ಬಂತು, ಬಸ್ಸು ನಿಂತಿತು, ಶೇಂಗಾ ಮಾರುವವಳ ಕೂಗು, ಗಾಜಿನ ಗಡಗಡ ನಿಂತ ಕೂಡಲೇ ಕಿವಿಯಲ್ಲಿ ಒಂದು ಖಾಲಿ. ನನ್ನ ದನಿ ನಾನ ಕೇಳಿದ್ದಿಲ್ಲ, ಆ ಮಾತು ನಾಹೀದಾಳಿಗೆ ಆ ದಿನ ಎಷ್ಟು ಹಿತವಾಗಿತ್ತು, ಇಂಗ್ಲಿಷಿಗೆ ಅನುವಾದಿಸಿ ಕಳಿಸಿದಾಗ ಕತ್ರೀನ್ ಮೇಡಂ ಅಂಚಿನಲ್ಲಿ ಮೂರು ನಕ್ಷತ್ರ ಹಾಕಿದ್ದರು, ಸಬಲೀಕರಣ, ಹೇಳಿಕೊಳ್ಳುವುದೇ ಒಂದು ಬಿಡುಗಡೆ. ಬಿಡುಗಡೆಯೇ ಆಯಿತು. ಮುಂದೊಂದು ದಿನ ಉಮಾಪತಿ ವಾಚು ಬಿಚ್ಚಿದಾಗ ವಿರೂಪಾಕ್ಷಮ್ಮ ಅದನ್ನು ಎತ್ತಿ ಅಂಗಳಕ್ಕೆ ಎಸೆದಳಂತೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ, ನಿಮ್ಮ ಮುಂದ ಹೇಳಿದ ಮ್ಯಾಲ ನನಗೇನೋ ಧೈರ್ಯ ಬಂತ್ರಿ ಎಂದು ಆಮೇಲೆ ಹೇಳಿದಳು, ದೂರಿನ ದನಿಯಲ್ಲಲ್ಲ, ಉಪಕಾರ ನೆನೆಯುವ ದನಿಯಲ್ಲಿ. ಆವತ್ತು ಅವನು ಹೊಡೆದು ಹೊರಗೆ ಹಾಕಿದ, ಹುಡುಗಿಯನ್ನು ಒಳಗೆ ಇಟ್ಟುಕೊಂಡ, ಬಾಗಿಲು ಹಾಕಿದ, ಎಂಟು ತಿಂಗಳಾಯಿತು. ನಾಲ್ಕು ತಿಂಗಳ ಹಿಂದೆ ಕುಷ್ಟಗಿಯಿಂದ ಬಸ್ಸು ಹತ್ತಿ ಕೊಪ್ಪಳಕ್ಕೆ ಬಂದು, ಯಾರು ಯಾರನ್ನೋ ಕೇಳಿ, ಸಂಸ್ಥೆಯ ಮೆಟ್ಟಿಲ ಮೇಲೆ ಕೂತಿದ್ದಳು, ನಾಹೀದಾ ಗುರುತು ಹಿಡಿಯಲಿಲ್ಲ, ನೂರಾ ಹನ್ನೆರಡರಲ್ಲಿ ಒಬ್ಬಳು, ಅಷ್ಟು ಇಳಿದಿದ್ದಳು. ನಾ ಹೇಳಿದ್ದು ವಾಪಸ್ ಕೊಡ್ರಿ ಅಕ್ಕಾರ. ಏನು ವಾಪಸ್. ಅವತ್ತ ನಾ ಹೇಳಿದ್ದು ಯಂತ್ರದಾಗ ತುಂಬಿಕೊಂಡಿದ್ರೆಲ್ಲ, ಅದು. ವಕೀಲರು ಕೇಳತಾರ, ಯಾವಾಗರ ಎಲ್ಲರ ಬರಸೀಯೇನು, ಸ್ಟೇಷನ್ನಿಗೆ ಹೋಗಿದ್ದೇನು, ಯಾರ ಮುಂದರ ಹೇಳೀಯೇನು ಅಂತ, ಎಲ್ಲೂ ಬರಸಿಲ್ರಿ, ನಿಮ್ಮ ಮುಂದ ಒಂದ ಹೇಳಿದ್ದು, ಎಲ್ಲಾ ದಿನಾ ಹೇಳೀನಿ, ಹುಡುಗಿನ್ನ ಗೋದಾಮಿನ್ಯಾಗ ಹಾಕಿದ್ದು ಸೈತ ಹೇಳೀನಿ, ಈಗ ನನಗ ಒಂದೂ ಸರಿಯಾಗಿ ನೆನಪಾಗವಲ್ದು, ಹೇಳಿ ಇಳಸಿಬಿಟ್ಟೆ ನೋಡ್ರಿ, ಅದಕ್ಕ ಇರಬೇಕು. ನಾಹೀದಾ ನೀರು ಕೊಟ್ಟಳು, ನೀರು ಕೊಟ್ಟು ಕೊಡತೀನಿ ಎಂದಳು, ಅದು ನಿಮ್ಮದಲ್ಲೇನಕ್ಕಾ, ಕೊಡತೀನಿ.

ಹಾಗೆಂದುಕೊಂಡಿದ್ದಳು. ಸಂಸ್ಥೆಯ ಮುಖ್ಯಸ್ಥ ಬಸವಕುಮಾರ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ನಾಹೀದಾ, ಅದು ನಮ್ಮ ಹತ್ರ ಇಲ್ಲ, ನಮ್ಮದಲ್ಲ, ಒಪ್ಪಂದದ ಪ್ರಕಾರ ಎಲ್ಲಾ ಅಲ್ಲಿಯ ಸರ್ವರಿನ್ಯಾಗ ಐತಿ, ನಾವು ಬರೇ ಕೂಡಿಸಿ ಕೊಟ್ಟವರು. ಮೇಲ್ ಬರೆದಳು, ವಿರೂಪಾಕ್ಷಮ್ಮ ತಾನೇ ಬರೆದುಕೊಟ್ಟ ಕೋರಿಕೆಯನ್ನೂ ಲಗತ್ತಿಸಿದಳು, ಆ ದುಂಡಗಿನ ಅಕ್ಷರ. ಹದಿನೆಂಟು ದಿನಕ್ಕೆ ಉತ್ತರ ಬಂತು, ನಮ್ಮ ನೈತಿಕ ಸಮಿತಿ ಈ ಕೋರಿಕೆಯನ್ನು ಅತ್ಯಂತ ಗಂಭೀರವಾಗಿ ಪರಿಗಣಿಸಿದೆ, ಭಾಗಿಗಳ ಸುರಕ್ಷತೆಗಾಗಿ ಧ್ವನಿಮುದ್ರಣಗಳನ್ನು ಹನ್ನೆರಡು ತಿಂಗಳ ನಂತರ ಅಳಿಸಲಾಗಿದೆ, ಯಾವ ಹೆಸರು ಯಾವ ಸಂಖ್ಯೆ ಎಂಬ ಪಟ್ಟಿಯನ್ನೂ ನಾಶಪಡಿಸಲಾಗಿದೆ, ಆದ್ದರಿಂದ ಯಾವ ಮಾತು ಯಾರದು ಎಂದು ಈಗ ಹೇಳಲಾಗದು, ತುಂಬಾ ವಿಷಾದವಿದೆ. ಆಮೇಲೆ ಕತ್ರೀನ್ ಮೇಡಂ ತಾವೇ ಪರದೆಯ ಮೇಲೆ ಬಂದರು, ಹಿಂದೆ ಹಿಮ ಬಿದ್ದ ಕಿಟಕಿ, ನಾವು ಮಾತು ಕೊಟ್ಟಿದ್ದೆವು ನಾಹೀದಾ, ಮಾತು ಉಳಿಸಿಕೊಂಡೆವು, ಅವಳನ್ನು ಕಾಪಾಡಲೆಂದೇ ಹಾಗೆ ಮಾಡಿದ್ದು, ಎನ್ನುತ್ತ ಅತ್ತರು, ನಿಜವಾಗಿ ಅತ್ತರು, ನಾಹೀದಾ ಕಲಿತ ಪಾಠದಂತೆ ಅವರ ಮೌನವನ್ನೂ ತುಂಬದೆ ಕೂತಳು. ಅವಳಿಂದ ಅವಳನ್ನೇ ಕಾಪಾಡಿದಿರಲ್ಲ ಮೇಡಂ, ಎಂದು ಹೇಳಬೇಕಿತ್ತು, ಇಂಗ್ಲಿಷಿನಲ್ಲಿ ಹೊಳೆಯಲಿಲ್ಲ, ಈಗ ಹೊಳೆಯುತ್ತಿದೆ, ಈಗ, ಬಸ್ಸಿನಲ್ಲಿ, ಇವತ್ತು ಕೋರ್ಟಿನ ವರಾಂಡದಲ್ಲಿ ಕಂಡ ಆ ಪುಟ್ಟ ಬಾಯಿ — ಬೇಡ, ಅದು ಈಗ ಬೇಡ. ವರದಿ ಇತ್ತಲ್ಲ. ಅಚ್ಚಾಗಿ ಬಂದ ವರದಿ, ಹೊಳಪಿನ ಕಾಗದ, ಐದನೇ ಅಧ್ಯಾಯದ ಶುರುವಿನಲ್ಲಿ ದೊಡ್ಡ ಅಕ್ಷರದಲ್ಲಿ ಅವಳ ಮಾತೇ ಇತ್ತು, ನಾಹೀದಾಳಿಗೆ ನೋಡಿದ ಕೂಡಲೇ ಗೊತ್ತಾಗಿತ್ತು, ಇದನ್ನಾದರೂ ಕೊಡೋಣ ಎಂದು ಕುಷ್ಟಗಿಗೆ ಹೋದಳು, ವಿರೂಪಾಕ್ಷಮ್ಮನ ತವರು ಒಂದೇ ಕೋಣೆಯ ಮನೆ, ಅಣ್ಣನ ಹೆಂಡತಿ ಮಾತಾಡಿಸದೆ ಚಹಾ ಇಟ್ಟು ಹೋದಳು, ನಾಹೀದಾ ಆ ಇಂಗ್ಲಿಷನ್ನು ತಿರುಗಿ ಕನ್ನಡಕ್ಕೆ ಮಾಡುತ್ತ ಓದಿದಳು, ಹಿಂಸೆಗಿಂತಲೂ ಹಿಂಸೆಯ ಸಿದ್ಧತೆಯೇ ನನ್ನನ್ನು ಹೆಚ್ಚು ಭಯಪಡಿಸುತ್ತಿತ್ತು, ಆ ಸಣ್ಣ ಸದ್ದು ನನ್ನ ದೇಹದಲ್ಲಿ ಇಂದಿಗೂ ಉಳಿದಿದೆ, ಕೆಳಗೆ, ಲಕ್ಷ್ಮಿ, ಇಪ್ಪತ್ತೊಂಬತ್ತು, ದಕ್ಷಿಣ ಭಾರತ. ವರದಿಯಲ್ಲಿ ಎಳ್ಳಮಾಸಿ ಬರೀ ಒಂದು ಹಬ್ಬದ ದಿನವಾಗಿತ್ತು, ಗೊಬ್ಬರದ ಗೋದಾಮು ಒಂದು ಕತ್ತಲೆಯ ಕೋಣೆಯಾಗಿತ್ತು, ವಾಚು ಇರಲೇ ಇಲ್ಲ, ಗುರುತು ಸಿಗಬಹುದೆಂದು ತೆಗೆದಿದ್ದರು. ವಿರೂಪಾಕ್ಷಮ್ಮ ಕೆನ್ನೆಗೆ ಕೈ ಕೊಟ್ಟು ಪೂರ್ತಿ ಕೇಳಿದಳು. ಪಾಪ, ಚಂದ ಹೇಳ್ಯಾಳ್ರಿ, ಕಲತಾಕಿ ಇರಬೇಕು. ಯಾರಕ್ಕಾ. ಅಕೀನರಿ, ಲಕ್ಷ್ಮಿ. ಅಕಿಗೂ ಹಿಂಗ ಆಗಿತ್ತೇನು, ಯಾವೂರಾಕಿ, ಮಕ್ಕಳು ಅಕಿ ಕೂಡ ಅದಾವೇನ್ರಿ. ನಾಹೀದಾ ಪುಟವನ್ನು ಅವಳ ಕಡೆ ತಿರುಗಿಸಿದಳು, ನೀವ ಅಕ್ಕಾ ಲಕ್ಷ್ಮಿ, ಇದು ನೀವು ಹೇಳಿದ್ದು. ವಿರೂಪಾಕ್ಷಮ್ಮ ವರದಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು, ಓದಲು ಬಾರದ ಅಕ್ಷರದ ಮೇಲೆ ಬೆರಳು ಎಳೆದಳು, ನಾ ಹಿಂಗ ಹೇಳಿದ್ದಿಲ್ಲಲ್ರಿ, ಎಂದಳು.

ಹಾಗಾದರೆ ನಾನೇ ಬಂದು ಹೇಳತೀನಿ ಎಂದಳು ನಾಹೀದಾ, ನೀವು ಹೇಳಿದ್ದನ್ನ ನಾ ಕೇಳೀನಿ, ಕಿವಿಲೆ ಕೇಳೀನಿ, ಕೋರ್ಟಿನ್ಯಾಗ ಹೇಳತೀನಿ. ಗೌಪ್ಯತೆಯ ಕಾಗದಕ್ಕೆ ನೀ ಸಹಿ ಮಾಡೀಯಲ್ಲ ಎಂದರು ಬಸವಕುಮಾರ ಸರ್, ಬೈಯಲಿಲ್ಲ, ದಣಿದ ದನಿಯಲ್ಲೇ ಹೇಳಿದರು, ಇವತ್ತ ಒಬ್ಬಾಕಿ ಹೆಸರು ಕೋರ್ಟಿನ್ಯಾಗ ಹೇಳಿದ್ರ ನಾಳೆ ಉಳಿದ ನೂರಾ ಹನ್ನೊಂದು ಹೆಣ್ಮಕ್ಕಳು ನಮ್ಮನ್ನ ನಂಬತಾರೇನು, ಎರಡನೇ ಹಂತದ ಕೆಲಸ ಇನ್ನೇನು ಶುರು ಆಗೂದೈತಿ, ವಿಚಾರ ಮಾಡು. ಅದರಲ್ಲೂ ಸತ್ಯವಿತ್ತು, ಅದೇ ಕಷ್ಟ, ಎಲ್ಲರ ಮಾತಿನಲ್ಲೂ ಒಂದು ಹಿಡಿ ಸತ್ಯವಿತ್ತು. ಅವಳಾಗಿಯೇ ಕೇಳಿಕೊಂಡಾಳ್ರಿ ಸರ್, ಅಕಿ ಗುಟ್ಟು ಅಕೀದಲ್ಲೇನು, ಎಂದು ರಾಜೀನಾಮೆ ಬರೆದಿಟ್ಟು ಬಂದಳು. ವಿರೂಪಾಕ್ಷಮ್ಮನ ವಕೀಲೆ ಶೈಲಜಾ, ಚುರುಕಾದ ಹುಡುಗಿ, ಹೆದರಬ್ಯಾಡ್ರಿ, ಕೇಳಿದ್ದನ್ನ ಕೇಳಿದಂಗ ಹೇಳ್ರಿ ಸಾಕು ಎಂದಿದ್ದಳು. ಹೇಳಿದಳು. ಕಾರಹುಣ್ಣಿವಿ ಹೇಳಿದಳು, ಗೋದಾಮು ಹೇಳಿದಳು, ವಾಚು ಹೇಳಿದಳು. ಉಮಾಪತಿಯ ವಕೀಲರು ವಯಸ್ಸಾದವರು, ಏಕವಚನ ಇಲ್ಲ, ಹೆಂಗಸರನ್ನು ಗೌರವದಿಂದ ಬಾಯಿ ಎಂದೇ ಕರೆಯುವರು, ದನಿ ಏರಿಸುವುದೂ ಇಲ್ಲ, ನೀವು ಎಷ್ಟು ಮಂದಿ ಹೆಣ್ಮಕ್ಕಳ ಕಥಿ ಕೇಳೀರಿ ಬಾಯಿ. ನೂರಾ ಹನ್ನೆರಡ್ರಿ. ಅಷ್ಟೂ ನೆನಪದಾವೇನು. ಅದಾವ್ರಿ. ವಾಚು ಎಲ್ಲಿ ಇಡತಿದ್ದ ಅಂತ ಹೇಳಿದ್ರು. ಕಿಟಕಿ ಮ್ಯಾಲರಿ. ಅರ್ಜಿದಾರರ ಮನಿಯೊಳಗ ಆ ಕೋಣಿಗೆ ಕಿಟಕಿನ ಇಲ್ಲ, ಅರ್ಜಿಯೊಳಗ ಅವರ ಬರದಾರ, ಗ್ವಾಡಿ ಮಾಡದಾಗ ಅಂತ. ಕಿಟಕಿ ಯಾರದು ಬಾಯಿ, ಇನ್ನೊಬ್ಬಾಕೀದೇನು. ನಾಹೀದಾ ನೆನಪಿನಲ್ಲಿ ಹುಡುಕಿದಳು, ಯಾರ ಕಿಟಕಿ ಅದು, ಕುಷ್ಟಗಿಯ ಹತ್ತಿರದ ಒಬ್ಬಳು ಕಿಟಕಿಯ ಸರಳು ಹಿಡಿದುಕೊಂಡ ಕಥೆ ಹೇಳಿದ್ದಳು, ಮಾರೆಮ್ಮನೋ ಯಾರೋ, ಅವಳ ಕಿಟಕಿಗೆ ಇವಳ ವಾಚು ಬಂದು ಕೂತಿದೆ, ನೂರಾ ಹನ್ನೆರಡು ಮನೆಗಳು ಒಳಗೆ ಕಲಸಿಹೋಗಿವೆ, ಅಬ್ಬಾ ಒಂದು ಚೂರನ್ನೂ ಅದಲು ಬದಲು ಮಾಡಿದವನಲ್ಲ. ವಕೀಲರು ಒಪ್ಪಿಗೆಯ ಕಾಗದ ತೆಗೆದು ಅವಳದೇ ಕನ್ನಡವನ್ನು ಓದಿದರು, ನಿಮ್ಮ ಗುರುತು ಯಾರಿಗೂ ತಿಳಿಯುವುದಿಲ್ಲ, ಇದು ನೀವು ಕೊಟ್ಟ ಮಾತಲ್ಲೇನು, ಆ ಮಾತು ಮುರದೀರಿ, ಈ ಮಾತು ಹೆಂಗ ನಂಬೂದು. ಆಮೇಲೆ ಆಸ್ಪತ್ರೆಯ ಚೀಟಿ, ಹೊರಗೆ ಹಾಕಿದ ದಿನದ್ದು, ಎಡಗಿವಿಯ ತಮಟೆ ಹರಿದಿದೆ, ಕಾರಣ, ಮೆಟ್ಟಿಲಿನಿಂದ ಬಿದ್ದದ್ದು. ಹಂಗ ಬರಸಿದಾಕಿ ನಾನ ರೀ, ಎಂದಿದ್ದಳು ವಿರೂಪಾಕ್ಷಮ್ಮ, ಅಂವ ಆಸ್ಪತ್ರಿಗೂ ಬೆನ್ನಹತ್ತಿ ಬಂದು ಬಾಜೂಕ ನಿಂತಿದ್ದ, ಹುಡುಗಿ ಅವನ ಕೈಯಾಗಿತ್ತು. ನ್ಯಾಯಾಧೀಶರು ಎಲ್ಲವನ್ನೂ ತಾಳ್ಮೆಯಿಂದ ಬರೆದುಕೊಂಡರು.

ಇವತ್ತು ಹುಡುಗಿಯನ್ನೂ ಕರೆಸಿದ್ದರು, ನ್ಯಾಯಾಧೀಶರು ತಮ್ಮ ಕೋಣೆಯಲ್ಲಿ ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿಸಿದರು, ಏನು ಕೇಳಿದರೋ, ಅದು ಏನು ಹೇಳಿತೋ, ಎಂಟು ತಿಂಗಳು ಅಪ್ಪನ ಮನೆಯಲ್ಲಿ ಇದ್ದ ಹುಡುಗಿ, ನಿನ್ನವ್ವ ನಿನ್ನ ಬಿಟ್ಟು ಓಡಿ ಹೋಗ್ಯಾಳ ಎಂದು ದಿನವೂ ಕೇಳಿಸಿಕೊಂಡ ಹುಡುಗಿ. ಆದೇಶ ಓದಿದಾಗ ವಿರೂಪಾಕ್ಷಮ್ಮ ಬಲಗಿವಿಯನ್ನು ಮುಂದೆ ಮಾಡಿ ಕೇಳಿದಳು, ಪೂರ್ತಿ ಅರ್ಥವಾಗದೆ ಶೈಲಜಾಳ ಮುಖ ನೋಡಿದಳು, ಇದು ಸದ್ಯಕ್ಕ ಅಷ್ಟರಿ ಅಕ್ಕಾ, ಕೊನೀ ತೀರ್ಪಲ್ಲ, ಮ್ಯಾಲಿನ ಕೋರ್ಟಿಗೆ ಹೋಗೋಣು. ಸದ್ಯಕ್ಕ ಅಂದ್ರ ಎಷ್ಟ ದಿನರಿ. ಶೈಲಜಾ ಕಾಗದ ಜೋಡಿಸಿದಳು. ವರಾಂಡಕ್ಕೆ ಬಂದರು, ಕಂಬದ ಹತ್ತಿರ ವಿರೂಪಾಕ್ಷಮ್ಮ ಗೋಡೆಗೆ ಎದುರಾಗಿ ನಿಂತಳು, ನೆರೆದ ಮಂದಿಗೆ ಕಣ್ಣೀರು ಕಾಣಬಾರದೆಂದು, ನಾಹೀದಾ ನಾಲ್ಕು ಹೆಜ್ಜೆ ಹಿಂದೆ. ಆಗ ಆ ಬದಿಯ ಬಾಗಿಲಿನಿಂದ ಉಮಾಪತಿ ಬಂದ, ಕೈಯಲ್ಲಿ ಹುಡುಗಿಯ ಕೈ, ಬೇಗ ಬೇಗ ನಡೆಯುತ್ತಿದ್ದ, ವಿರೂಪಾಕ್ಷಮ್ಮನ ಎಡಗಡೆಯಿಂದ ದಾಟಿ ಹೋಗಬೇಕು ಅವರು, ಎಡಗಡೆಯಿಂದಲೇ, ದಾಟುವಾಗ ಹುಡುಗಿ ಅಪ್ಪನ ಮುಖ ನೋಡಿತು, ತಾಯಿಯ ಬೆನ್ನು ನೋಡಿತು, ಬಾಯಿ ತೆರೆಯಿತು, ಮುಂದಿನ ಎರಡು ಹಲ್ಲು ಬಿದ್ದಿವೆ, ಅವ್ವಾ ಎಂದಿತು. ಕೂಗಲಿಲ್ಲ, ಉಸಿರಿಗಿಂತ ಸ್ವಲ್ಪ ದಪ್ಪ ದನಿ, ಅಪ್ಪನಿಗೆ ಕೇಳಬಾರದು, ಅವ್ವನಿಗೆ ಕೇಳಬೇಕು, ಅಷ್ಟೇ ದನಿ, ಒಂದೇ ಸಲ. ವಿರೂಪಾಕ್ಷಮ್ಮನ ಕಿವಿಗೂ ಅದಕ್ಕೂ ನಡುವೆ ಎರಡು ಮೊಳ. ಅವಳು ತಿರುಗಲಿಲ್ಲ. ಆ ಕಿವಿ ಇಲ್ಲವಲ್ಲ ಅವಳಿಗೆ. ಹುಡುಗಿ ಇನ್ನೊಂದು ಗಳಿಗೆ ಬಾಯಿ ತೆರೆದೇ ನೋಡಿತು, ಕಾಯಿತು, ಆಮೇಲೆ ಮುಚ್ಚಿತು, ಅಪ್ಪನ ಹೆಜ್ಜೆಗೆ ಹೆಜ್ಜೆ ಹಾಕಿ ಜೀಪು ಹತ್ತಿತು. ಜೀಪಿನ ಹೊಗೆ. ನಾಹೀದಾ ನಿಂತಲ್ಲೇ ನಿಂತಿದ್ದಳು, ನಾಲ್ಕು ಹೆಜ್ಜೆ ಅಷ್ಟೇ ಇತ್ತು, ತೋಳು ಮುಟ್ಟಿ ತಿರುಗಿಸಿದ್ದರೆ ಸಾಕಿತ್ತು, ಕಾಲು ಏಳಲಿಲ್ಲ, ಯಾಕೆ ಏಳಲಿಲ್ಲ, ಎಷ್ಟು ವರ್ಷದ ಅಭ್ಯಾಸ ಅದು, ನೋಡುವುದು, ಕೇಳುವುದು, ನಡುವೆ ಪ್ರವೇಶಿಸದಿರುವುದು.

ಬಸ್‌ಸ್ಟ್ಯಾಂಡಿನಲ್ಲಿ ಹೇಳಬೇಕೆಂದುಕೊಂಡಳು. ಕುಷ್ಟಗಿಯ ಬಸ್ಸು ನಿಂತಿತ್ತು, ವಿರೂಪಾಕ್ಷಮ್ಮ ನಳದಲ್ಲಿ ಮುಖ ತೊಳೆದು ಬಂದಿದ್ದಳು, ಕೂದಲ ಅಂಚಿನಲ್ಲಿ ನೀರಿನ ಹನಿ, ನೀವು ಭಾಳ ತ್ರಾಸ ತಗೊಂಡ್ರಿ ಅಕ್ಕಾರ, ನೌಕರಿ ಸೈತ ಬಿಟ್ರಿ ನನ್ನ ಸಲವಾಗಿ, ಕಿಟಕಿ ಅಂದದ್ದು ಮನಸಿಗೆ ಹಚಗೋಬ್ಯಾಡ್ರಿ, ನನಗ ಈಗೀಗ ನೆನಪು ತಪ್ಪತೈತಿ, ನೀವಂತೂ ಎಷ್ಟ ಮಂದೀದು ಕೇಳಿರತೀರಿ. ಚೀಲವನ್ನು ಈ ಕೈಯಿಂದ ಆ ಕೈಗೆ ಮಾಡಿಕೊಂಡಳು. ಹುಡುಗಿ ದಾಟಿ ಹೋತಂತಲ್ರಿ ನನ್ನ ಹಿಂದ, ಶೈಲಜಾ ಬಾಯಾರು ಅಂದ್ರು, ಒಂದ ಮಾತರ ಕರದಿದ್ರ ತಿರಗತಿದ್ದೆ, ಕರೀಲಿಲ್ಲ, ಮರತೈತಿ, ಮರೀಲಿ ಬಿಡ್ರಿ, ಮರತ್ರ ಅದಕ್ಕ ಛಲೋ, ಅಳೂದಿಲ್ಲ. ನಾಹೀದಾ ಬಾಯಿ ತೆರೆದಳು. ಕರೀತು ಅಕ್ಕಾ, ಎಂಬ ಎರಡು ಮಾತು, ನಿಮ್ಮ ಎಡಕ್ಕ ಇತ್ತು, ಅವ್ವಾ ಅಂತು, ನಾ ಕೇಳೀನಿ. ಹೇಳಿದರೆ ಏನಾಗುತ್ತದೆ, ಹೇಳಿದರೆ ಇವಳು ಕುಷ್ಟಗಿಯವರೆಗೆ, ಕುಷ್ಟಗಿಯಿಂದ ಆಚೆಗೆ, ಸಾಯುವ ತನಕ ಆ ಕಿವಿಯನ್ನು ಕೈಯಲ್ಲಿ ಒತ್ತಿಕೊಂಡು ಕೂರುತ್ತಾಳೆ, ಹೇಳದಿದ್ದರೆ ಮಗಳು ಮರೆತಳೆಂದು ಕೂರುತ್ತಾಳೆ, ಯಾವುದು ಹಗುರ, ಯಾರಿಗೆ ಗೊತ್ತು, ಇದಕ್ಕೆ ಯಾವ ಸಮಿತಿಯನ್ನು ಕೇಳುವುದು, ಅವಳದು ಅದು, ಆ ಒಂದು ಮಾತು ಅವಳದು, ಲೋಕದಲ್ಲಿ ಅವಳದೆಂದು ಉಳಿದದ್ದು ಅದೊಂದೇ, ನಾಹೀದಾಳ ಹತ್ತಿರ ಇದೆ, ಕೊಡಬೇಕು, ಕಂಡಕ್ಟರು ಸೀಟಿ ಊದಿದ, ವಿರೂಪಾಕ್ಷಮ್ಮ ಓಡಿ ಹತ್ತಿದಳು, ಬರ್ತೀನ್ರಿ, ಕಿಟಕಿಯಲ್ಲಿ ಕೈ. ಕೈ ಬೀಸಿದಳು ನಾಹೀದಾಳೂ. ಫೋನು ಮಾಡಬಹುದು, ಈಗಲೇ ಮಾಡಬಹುದು, ಫೋನು ಕೈಯಲ್ಲೇ ಇದೆ, ಅಣ್ಣನ ನಂಬರು ಇದೆ, ಭಾನಾಪುರ ದಾಟಿತು, ಮಬ್ಬು ಇಳಿಯುತ್ತಿದೆ, ಮುಂದಿನ ಸೀಟಿನ ಮಗು ತಾಯಿಯ ಹೆಗಲ ಮೇಲಿಂದ ಇತ್ತ ನೋಡುತ್ತಿದೆ, ನೋಡಬೇಡ, ನಾಹೀದಾ ಕಣ್ಣು ಮುಚ್ಚುತ್ತಾಳೆ, ವರಾಂಡ, ಕಂಬ, ಬೆನ್ನು, ನಾಳೆ ಹೇಳಿದರಾಯಿತು, ನಾಡಿದ್ದು ಹೋಗಿ ಎದುರು ಕೂತು ಬಲಗಿವಿಯಲ್ಲಿ ಹೇಳಿದರಾಯಿತು, ಹೇಗೆ ಹೇಳುವುದು, ಆ ದನಿಯನ್ನು ಹೇಗೆ ಹೇಳುವುದು, ತನ್ನ ಬಾಯಿಂದ ಬಂದರೆ ಅದು ಅವಳ ಮಗಳದಾಗಿ ಉಳಿಯುತ್ತದೆಯೇ, ನಾ ಹಿಂಗ ಹೇಳಿದ್ದಿಲ್ಲಲ್ರಿ, ಉಸಿರಿಗಿಂತ ಸ್ವಲ್ಪ ದಪ್ಪ, ಒಂದೇ ಸಲ, ಎರಡು ಹಲ್ಲಿಲ್ಲದ ಬಾಯಿ, ತೆರೆದದ್ದು, ಕಾಯುತ್ತಿರುವುದು, ಬೆನ್ನು ತಿರುಗಲಿಲ್ಲ, ಬಾಯಿ ತೆರೆದೇ ಇದೆ, ಇನ್ನೂ ಮುಚ್ಚಿಲ್ಲ —